ರೆಸಿಡೆಂಟ್ ಬೇರೆ, ಲೋಕಲ್ ಬೇರೆ: ಅರ್ಜಿಯ ಇಂಗ್ಲಿಷಿನಲ್ಲಿ ಗಡಿ ಎಲ್ಲಿದೆ?

ಮಾಗನೂರು: ಕನ್ನಡ, ತೆಲುಗು ಎರಡೂ ಆಡುವ ಮನೆಗಳಲ್ಲಿ ‘ಅವಸರ’ ಎಂಬ ಪದದ ತಮಾಷೆ ಎಲ್ಲರಿಗೂ ಗೊತ್ತು. ರಾಯಚೂರು ಕಡೆಯಿಂದ ಬಂದ ಸೊಸೆ ‘ಚಹಾಕ್ಕೆ ಅವಸರ ಇಲ್ಲ ಅತ್ತಿ’ ಎಂದರೆ ನಿಧಾನಕ್ಕೆ ಆಗಲಿ ಎಂದರ್ಥ. ತೆಲುಗು ಮಾತಿನ ಅತ್ತೆ ಅದನ್ನು ‘ಅವಸರಂ ಲೇದು’ ಎಂದು ಕೇಳಿಸಿಕೊಂಡರೆ ಬೇಕಾಗಿಲ್ಲ ಎಂದಾಗುತ್ತದೆ. ಸೊಸೆಗೆ ಚಹಾ ಸಿಗುವುದಿಲ್ಲ, ಅಷ್ಟೇ. ಇದರಿಂದ ಯಾರ ಹೊಲವೂ ಹೋಗುವುದಿಲ್ಲ, ಯಾರ ಸೀಟೂ ತಪ್ಪುವುದಿಲ್ಲ.

ಇಂಗ್ಲಿಷ್ ಅರ್ಜಿಗಳಲ್ಲಿ ಆಗುವುದು ಇದರ ತಿರುಗುಮುರುಗು. ಅಲ್ಲಿ ಪದಗಳು ಎರಡೋ ಮೂರೋ ಇರುತ್ತವೆ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಅವಕ್ಕೆಲ್ಲ ಬಾಯಿಗೆ ಬರುವುದು ಒಂದೇ ಪದ. ಕಾಂಪೆನ್ಸೇಷನ್, ರಿಲೀಫ್, ಎಕ್ಸ್‌ಗ್ರೇಷಿಯಾ ಮೂರಕ್ಕೂ ‘ಪರಿಹಾರ’. ಶ್ಯೂರಿಟಿ, ಗ್ಯಾರಂಟಿ, ಬೇಲ್ ಮೂರಕ್ಕೂ ‘ಜಾಮೀನು’. ರೆಸಿಡೆಂಟ್, ನೇಟಿವ್, ಲೋಕಲ್ ಮೂರಕ್ಕೂ ‘ನಮ್ಮ ಊರಿನವರು’. ಮಾತಿನಲ್ಲಿ ಇದು ನಡೆಯುತ್ತದೆ. ಆದರೆ ಕಾನೂನಿನ ಇಂಗ್ಲಿಷಿನಲ್ಲಿ ಎರಡು ಬೇರೆ ಪದ ಬಂದಿದೆ ಎಂದರೆ ಸಾಮಾನ್ಯವಾಗಿ ಅವುಗಳ ಹಿಂದೆ ಎರಡು ಬೇರೆ ಹಕ್ಕು ಅಥವಾ ಎರಡು ಬೇರೆ ಹೊಣೆ ಇರುತ್ತದೆ. ಗಡಿಯಲ್ಲಿ ಬಾಳುವವರಿಗೆ ಈ ವ್ಯತ್ಯಾಸ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ.

ಕಾರಣ ಹಳೆಯದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಹೋಯಿತು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಉಳಿದ ರಾಯಚೂರು ಆಗಿನ ಮೈಸೂರು ರಾಜ್ಯಕ್ಕೆ ಬಂತು. ಬೀಗತನಕ್ಕೆ, ಸಂತೆಗೆ, ಆಸ್ಪತ್ರೆಗೆ ಜನ ಮಾತ್ರ ಮೊದಲಿನಂತೆಯೇ ಕೃಷ್ಣಾ ನದಿ ದಾಟುತ್ತಿದ್ದಾರೆ. ಮಾಗನೂರು ಆಮೇಲೆ ಮಹಬೂಬನಗರ ಜಿಲ್ಲೆಯಿಂದ ಬೇರ್ಪಟ್ಟು, 2019ರ ಫೆಬ್ರವರಿ 17ರಂದು ಹುಟ್ಟಿದ ನಾರಾಯಣಪೇಟೆ ಜಿಲ್ಲೆಗೆ ಬಂತು. ಜನ ಅಲ್ಲೇ ಇದ್ದರು, ಅರ್ಜಿಯ ಮೇಲಿನ ವಿಳಾಸ ಬದಲಾಗುತ್ತಾ ಹೋಯಿತು.

ಒಂದೇ ಹುಡುಗಿ, ಐದು ಕಲಂ

ಈ ಭಾಗದ ಯಾವ ಊರಿನಲ್ಲಾದರೂ ಸಿಗಬಹುದಾದ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ತಾಯಿಯ ತವರು ರಾಯಚೂರು. ಮೊದಲ ಹೆರಿಗೆ ತವರಿನಲ್ಲಿ ಎಂಬ ರೂಢಿಯಂತೆ ಹುಟ್ಟಿದ್ದು ಅಲ್ಲಿ. ತಂದೆಯ ಊರು ಮಾಗನೂರು ಮಂಡಲದಲ್ಲಿ. ಹತ್ತನೇ ತರಗತಿವರೆಗೆ ಊರಿನ ಸುತ್ತಮುತ್ತ ಕನ್ನಡ ಮಾಧ್ಯಮದಲ್ಲಿ ಓದು. ಪಿಯುಸಿ ಸೈನ್ಸ್‌ಗೆ ಅಜ್ಜಿಯ ಮನೆಯಲ್ಲಿದ್ದು ರಾಯಚೂರಿನ ಕಾಲೇಜು. ಈಗ ಈಕೆಯ ಮುಂದೆ ಅರ್ಜಿಗಳಲ್ಲಿ ಐದು ಪದಗಳು ಬರುತ್ತವೆ: ಪ್ಲೇಸ್ ಆಫ್ ಬರ್ತ್, ನೇಟಿವ್ ಪ್ಲೇಸ್, ರೆಸಿಡೆನ್ಸ್, ಡೊಮಿಸೈಲ್, ಲೋಕಲ್. ಐದಕ್ಕೂ ‘ಮಾಗನೂರು’ ಎಂದು ಬರೆದರೆ ಕನಿಷ್ಠ ಒಂದಾದರೂ ತಪ್ಪು.

ಪ್ಲೇಸ್ ಆಫ್ ಬರ್ತ್ ಎಂದರೆ ಹೆರಿಗೆ ಆದ ಊರು. ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಅದು. ಈಕೆಗೆ ರಾಯಚೂರು. ‘ನಮ್ಮೂರು ಅದಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನೇಟಿವ್ ಪ್ಲೇಸ್ ಎಂದರೆ ವಂಶದ ಊರು, ಸ್ವಂತ ಊರು. ಅದು ಮಾಗನೂರು ಕಡೆಯದೇ. ರೆಸಿಡೆನ್ಸ್ ಎಂದರೆ ಈಗ ವಾಸ ಇರುವ ಮನೆ. ಪಿಯುಸಿ ಓದುವಾಗ ಅದು ರಾಯಚೂರು ಎಂದೂ ಆಗಬಹುದು, ಮಾಗನೂರು ಎಂದೂ ಆಗಬಹುದು. ಯಾವ ಅರ್ಜಿ, ಯಾವ ಕಾನೂನಿನಡಿ ಕೇಳುತ್ತಿದೆ ಎಂಬುದರ ಮೇಲೆ ಹೋಗುತ್ತದೆ.

ಹುಟ್ಟಿದ ಊರು ಮತ್ತು ವಾಸದ ಊರು ಎರಡೂ ಒಂದೇ ಅಲ್ಲ ಎಂಬುದು ಸಂವಿಧಾನದಷ್ಟೇ ಹಳೆಯ ಮಾತು. 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಆಧಾರದಲ್ಲಿ ಸರ್ಕಾರ ಭೇದ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ರೆಸಿಡೆನ್ಸ್ ಎಂಬ ಪದ ಇಲ್ಲ. ಸರ್ಕಾರಿ ನೌಕರಿಯ ಬಗೆಗಿನ 16ನೇ ವಿಧಿಯಲ್ಲಿ ಜನ್ಮಸ್ಥಳವೂ ಇದೆ, ರೆಸಿಡೆನ್ಸ್ ಕೂಡ ಇದೆ. ಒಂದು ಪದ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ 1955ರಲ್ಲಿ ಇದರ ಮೇಲೆಯೇ ಒಂದು ಕೇಸು ನಿಂತಿತು. ಇಂದೋರಿನ ಮೆಡಿಕಲ್ ಕಾಲೇಜು ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಲ್ಲದವರಿಂದ ಹೆಚ್ಚುವರಿ ಶುಲ್ಕ ಪಡೆಯುತ್ತಿತ್ತು. ಹೊರಗಿನ ವಿದ್ಯಾರ್ಥಿ ಡಿ.ಪಿ. ಜೋಶಿ ಸುಪ್ರೀಂ ಕೋರ್ಟಿಗೆ ಹೋದರು. ಶುಲ್ಕ ವಾಸಸ್ಥಳ ನೋಡಿ ಹಾಕಿದ್ದೇ ಹೊರತು ಜನ್ಮಸ್ಥಳ ನೋಡಿ ಅಲ್ಲ, ಎರಡೂ ಬೇರೆ ಬೇರೆ ಕಲ್ಪನೆಗಳು ಎಂದು ಕೋರ್ಟಿನ ಬಹುಮತ ಹೇಳಿತು. ಕೇಸು ಬಿದ್ದುಹೋಯಿತು.

ಕಾಲೇಜು ಸೀಟಿಗೆ ರಾಜ್ಯ ಸರ್ಕಾರವೇ ವಾಸದ ನಿಯಮ ಮಾಡಬಹುದು, ನೌಕರಿಗಾದರೆ ಮಾಡುವಂತಿಲ್ಲ ಎಂಬುದರ ಮೂಲ ಇಲ್ಲಿದೆ. ನೌಕರಿಗೆ ವಾಸದ ಷರತ್ತು ಹಾಕುವ ಅಧಿಕಾರ 16ನೇ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ. ನಿಜಾಮರ ಕಾಲದ ‘ಮುಲ್ಕಿ’ ಎಂಬ ಪದವನ್ನು ಹಳಬರು ಇನ್ನೂ ಮರೆತಿಲ್ಲ. ಅದರ ಸುತ್ತ ಎದ್ದ ಗಲಾಟೆಗಳೆಲ್ಲ ಮುಗಿದ ಮೇಲೆ, 1973ರ 32ನೇ ತಿದ್ದುಪಡಿಯಲ್ಲಿ 371-ಡಿ ವಿಧಿ ಬಂತು. ‘ಲೋಕಲ್ ಕ್ಯಾಂಡಿಡೇಟ್’ ಎಂಬ ಮಾತಿಗೆ ಈ ಭಾಗದಲ್ಲಿ ಇಷ್ಟು ತೂಕ ಬಂದದ್ದು ಅಲ್ಲಿಂದ.

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಲೋಕಲ್ ಎಂದರೆ ಸ್ಥಳೀಯ, ಸ್ಥಳೀಯ ಎಂದರೆ ಇಲ್ಲಿ ಮನೆ ಹೊಲ ಇರುವವರು ಎಂದುಕೊಳ್ಳುತ್ತಾರೆ. ಅರ್ಜಿಯ ಲೋಕಲ್ ಹಾಗಲ್ಲ. ಅದು ಮುಖ್ಯವಾಗಿ ಶಾಲೆಯ ಹಾಜರಿ ಪುಸ್ತಕದಿಂದ ತೀರ್ಮಾನವಾಗುವ ಪದ. ಅಜ್ಜನ ಕಾಲದ ಪಟ್ಟಾ ಪುಸ್ತಕ ತಂದು ತೋರಿಸಿದರೆ ಪ್ರಯೋಜನವಿಲ್ಲ. ಬೋನಫೈಡ್ ಸರ್ಟಿಫಿಕೇಟ್ ಬೇಕು.

ಅದರಲ್ಲೂ ಒಂದೇ ‘ಲೋಕಲ್’ ಪದಕ್ಕೆ ಎರಡು ಅಳತೆ ಇದೆ. ತೆಲಂಗಾಣದ ಸರ್ಕಾರಿ ನೌಕರಿಗೆ 2018ರ ರಾಷ್ಟ್ರಪತಿ ಆದೇಶ ಅನ್ವಯಿಸುತ್ತದೆ. ನೇರ ನೇಮಕಾತಿಯಲ್ಲಿ 95 ಶೇಕಡಾ ಹುದ್ದೆ ಲೋಕಲ್ ಅಭ್ಯರ್ಥಿಗಳಿಗೆ. ಅದಕ್ಕೆ ನೋಡುವುದು 1ರಿಂದ 7ನೇ ತರಗತಿವರೆಗೆ ಎಲ್ಲಿ ಓದಿದರು ಎಂಬುದನ್ನು. ಜಿಲ್ಲಾ ಮಟ್ಟದ ಹುದ್ದೆಯಾದರೆ ಜಿಲ್ಲೆಯೇ ಲೋಕಲ್ ಏರಿಯಾ. ನಾರಾಯಣಪೇಟೆ ಬೇರೆ, ಜೋಗುಳಾಂಬ ಗದ್ವಾಲ ಬೇರೆ. ಮೇಲಿನ ಹುದ್ದೆಯಾದರೆ ಎರಡೂ ಒಂದೇ ಜೋಗುಳಾಂಬ ಝೋನ್‌ನೊಳಗೆ ಬರುತ್ತವೆ.

ಮೆಡಿಕಲ್ ಸೀಟಿನ ಲೋಕಲ್ ಇನ್ನೊಂದು. 2017ರ ತೆಲಂಗಾಣ ನಿಯಮಗಳನ್ನು 2024ರಲ್ಲಿ ತಿದ್ದಿದ ಮೇಲೆ, ಅರ್ಹತಾ ಪರೀಕ್ಷೆಗೆ ಮುಂಚಿನ ಸತತ ನಾಲ್ಕು ವರ್ಷ, ಅಂದರೆ ಸಾಮಾನ್ಯವಾಗಿ 9ರಿಂದ 12, ತೆಲಂಗಾಣದಲ್ಲಿ ಕಳೆದಿರಬೇಕು, ಆ ಪರೀಕ್ಷೆಯನ್ನೂ ಇಲ್ಲಿಯೇ ಪಾಸಾಗಿರಬೇಕು. ಸರ್ಕಾರಿ ನೌಕರರ ಮಕ್ಕಳಂಥ ಕೆಲವರಿಗಷ್ಟೇ ರಿಯಾಯಿತಿ. ಇದನ್ನು ಪ್ರಶ್ನಿಸಿ ಹಲವರು ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು.

ಈಗ ಆ ಹುಡುಗಿಯ ಲೆಕ್ಕ ನೋಡಿ. 1ರಿಂದ 7 ಮಾಗನೂರು ಕಡೆ ಓದಿದ್ದರಿಂದ ನಾರಾಯಣಪೇಟೆ ಜಿಲ್ಲೆಯ ನೌಕರಿಗೆ ಆಕೆ ಲೋಕಲ್. ಎರಡು ವರ್ಷದ ಪಿಯುಸಿ ರಾಯಚೂರಿನಲ್ಲಿ ಆಗಿದ್ದರಿಂದ ತೆಲಂಗಾಣದ ಮೆಡಿಕಲ್ ಸೀಟಿಗೆ ನಾನ್ ಲೋಕಲ್. ಹಾಗಾದರೆ ಕರ್ನಾಟಕದಲ್ಲಿ ಸಿಗುತ್ತದೆಯೇ? ಅಲ್ಲಿಯ ಸಿಇಟಿಯ ಸಾಮಾನ್ಯ ಕಲಂ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುತ್ತದೆ. ಈಕೆ ಓದಿದ್ದು ಎರಡೇ ವರ್ಷ. ಮನೆಯವರು ‘ಪಿಯುಸಿ ಅಲ್ಲೇ ಮಾಡಿದ್ದಾಳೆ, ರಾಯಚೂರಿನಲ್ಲಿ ಸೀಟು ಸಿಕ್ಕೇ ಸಿಗುತ್ತದೆ’ ಎಂದುಕೊಂಡಿರುತ್ತಾರೆ. ಕಾಲೇಜು ಆರಿಸುವ ಮುಂಚೆ, ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ, ಈ ಲೆಕ್ಕ ಹಾಕಬೇಕಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಹಾಕಿದರೆ ಉಪಯೋಗವಿಲ್ಲ.

ಸಿಇಟಿ ಕೈಪಿಡಿಯಲ್ಲಿ ‘ಹೊರನಾಡು ಕನ್ನಡಿಗ’, ‘ಗಡಿನಾಡು ಕನ್ನಡಿಗ’ ಎಂಬ ಎರಡು ಕಲಂಗಳೂ ಇವೆ. ಈ ಸಲ ಇಂಗ್ಲಿಷನ್ನು ಬೈಯುವಂತಿಲ್ಲ, ಪದಗಳು ಕನ್ನಡದವೇ. ಮಾಗನೂರಿನವರಿಗೆ ಎರಡೂ ತಮಗೇ ಹೇಳಿದಂತೆ ಕೇಳಿಸುತ್ತವೆ. ಆದರೆ ಅಲ್ಲಿ ಗಡಿನಾಡು ಎಂದರೆ ಗಡಿಯಲ್ಲಿರುವ ಎಲ್ಲ ಊರುಗಳಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಕಾಸರಗೋಡು ಹೀಗೆ ಹೆಸರಿಸಿದ ತಾಲೂಕುಗಳ ಪಟ್ಟಿಯೇ ಇದೆ. ಗಡಿಗೆ ಅಂಟಿಕೊಂಡಿದ್ದೇವೆ ಎಂಬ ಮಾತ್ರಕ್ಕೆ ಯಾರೂ ಆ ಪಟ್ಟಿಯೊಳಗೆ ಬರುವುದಿಲ್ಲ. ಆಯಾ ವರ್ಷದ ಕೈಪಿಡಿಯಲ್ಲಿ ಪಟ್ಟಿಯನ್ನೂ ಷರತ್ತನ್ನೂ ನೋಡಿಯೇ ಟಿಕ್ ಹಾಕಬೇಕು. ರಾಯಚೂರಿಗೆ ಇರುವ 371-ಜೆ ಸೌಲಭ್ಯದ ಮಾತೂ ಹೀಗೆಯೇ. ಅದು ಕರ್ನಾಟಕದೊಳಗಿನ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಬಂದದ್ದು. ಒಂದು ಕಾಲದಲ್ಲಿ ಎಲ್ಲರೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಇನ್ನು ಡೊಮಿಸೈಲ್. ಇದು ಎಲ್ಲಕ್ಕಿಂತ ದೊಡ್ಡ ಪದದಂತೆ ಕೇಳಿಸುತ್ತದೆ. ಕಾನೂನಿನಲ್ಲಿ ಅದರ ಅರ್ಥ, ಮುಂದೆ ಬಿಟ್ಟುಹೋಗುವ ಇರಾದೆ ಇಲ್ಲದೆ ನೆಲೆನಿಂತ ಕಾಯಂ ನೆಲೆ. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು: ಭಾರತೀಯರಿಗೆ ಇರುವುದು ಒಂದೇ ಡೊಮಿಸೈಲ್, ಅದು ಭಾರತ. ತೆಲಂಗಾಣದ ಡೊಮಿಸೈಲ್, ಕರ್ನಾಟಕದ ಡೊಮಿಸೈಲ್ ಎಂದು ಬೇರೆ ಬೇರೆ ಇಲ್ಲ. 2025ರ ಜನವರಿಯಲ್ಲಿ, ಪಿಜಿ ಮೆಡಿಕಲ್ ಸೀಟುಗಳಿಗೆ ವಾಸದ ಮೀಸಲಾತಿ ಸಲ್ಲದು ಎಂದ ತೀರ್ಪಿನಲ್ಲೂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಆದರೂ ಅರ್ಜಿಗಳಲ್ಲಿ ಪದ ಉಳಿದುಕೊಂಡಿದೆ. ಅಲ್ಲಿ ಅದನ್ನು ‘ಇಷ್ಟು ವರ್ಷದ ವಾಸ’ ಎಂದೇ ಓದಿಕೊಳ್ಳಬೇಕು, ಎಷ್ಟು ವರ್ಷ ಎಂಬುದನ್ನು ಆ ಅರ್ಜಿಯ ನಿಯಮದಲ್ಲಿ ಹುಡುಕಬೇಕು.

ಆಧಾರ್ ಕಾರ್ಡಿನಲ್ಲಿ ಮಾಗನೂರು ವಿಳಾಸ ಇದೆಯಲ್ಲ ಎಂದು ಕೇಳುವವರಿದ್ದಾರೆ. 2016ರ ಆಧಾರ್ ಕಾಯ್ದೆಯಲ್ಲಿ ರೆಸಿಡೆಂಟ್ ಎಂದರೆ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನವೋ ಹೆಚ್ಚೋ ಭಾರತದಲ್ಲಿ ಇದ್ದವರು. ಯಾವ ಊರು ಎಂಬುದು ಆ ವ್ಯಾಖ್ಯೆಯಲ್ಲಿ ಬರುವುದೇ ಇಲ್ಲ. ಅದೇ ಕಾಯ್ದೆಯ 9ನೇ ಕಲಂ, ಆಧಾರ್ ನಂಬರು ತಾನಾಗಿ ಪೌರತ್ವಕ್ಕಾಗಲಿ ಡೊಮಿಸೈಲಿಗಾಗಲಿ ಪುರಾವೆ ಅಲ್ಲ ಎಂದು ಬರೆದೇ ಇಟ್ಟಿದೆ.

ವೋಟಿನ ಪಟ್ಟಿಯಲ್ಲಿ ಬರುವುದು ಮತ್ತೊಂದು ಪದ: ‘ಆರ್ಡಿನರಿಲಿ ರೆಸಿಡೆಂಟ್’. ಸಾಮಾನ್ಯವಾಗಿ ವಾಸ ಇರುವವರು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂ ಇದನ್ನು ಎರಡೂ ಕಡೆಯಿಂದ ಬಿಗಿ ಮಾಡಿದೆ. ಒಂದು ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಕಾರಣಕ್ಕೇ ಅಲ್ಲಿಯ ವಾಸಿ ಎನಿಸುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸ ತಪ್ಪುವುದೂ ಇಲ್ಲ. ಪಾಲಮೂರಿನಿಂದ ಗುಳೆ ಹೋಗುವವರಿಗೆ ಎರಡನೆಯ ಮಾತು ಬೇಕು. ರಾಯಚೂರಿನಲ್ಲಿ ಒಂದು ಮನೆ ಕಟ್ಟಿಸಿಕೊಂಡವರಿಗೆ ಮೊದಲನೆಯದು. ಎರಡು ಕ್ಷೇತ್ರಗಳಲ್ಲಿ ಹೆಸರು ಇರುವಂತಿಲ್ಲ. ನದಿಯ ಎರಡೂ ಕಡೆ ಹೆಸರು ಸೇರಿಸಲು ಸುಳ್ಳು ಡಿಕ್ಲರೇಷನ್ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಸಹಿ ಯಾವ ಗೆರೆಯ ಮೇಲೆ?

ಬ್ಯಾಂಕಿನ ಕಾಗದದ ಕೊನೆಯ ಪುಟದಲ್ಲಿ ಸಾಲಾಗಿ ಗೆರೆಗಳಿರುತ್ತವೆ. ಬಾರೋವರ್, ಕೋ-ಬಾರೋವರ್, ಗ್ಯಾರಂಟರ್, ವಿಟ್ನೆಸ್. ‘ಸುಮ್ಮನೆ ಒಂದು ಸೈನ್ ಹಾಕು ಮಾವಾ’ ಎಂದಾಗ ಮಾವ ಕೇಳಬೇಕಾದ್ದು ಒಂದೇ: ಯಾವ ಗೆರೆಯ ಮೇಲೆ?

ವಿಟ್ನೆಸ್ ಸಾಕ್ಷಿ. ಇವರು ನನ್ನ ಎದುರಿಗೆ ಸಹಿ ಮಾಡಿದರು ಎಂದಷ್ಟೇ ಅವನ ಮಾತು. ಸಾಲದ ಹಣಕ್ಕೂ ಅವನಿಗೂ ಸಂಬಂಧವಿಲ್ಲ. ಗ್ಯಾರಂಟರ್, ಕಾನೂನಿನ ಭಾಷೆಯಲ್ಲಿ ಶ್ಯೂರಿಟಿ, ಜಾಮೀನುದಾರ. 1872ರ ಕಾಂಟ್ರಾಕ್ಟ್ ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಅವನ ಹೊಣೆ ಸಾಲಗಾರನ ಹೊಣೆಯಷ್ಟೇ. ಅರ್ಧವಲ್ಲ, ಕಾಲುಭಾಗವಲ್ಲ, ಪೂರ್ತಿ. ಮೊದಲು ಸಾಲಗಾರನನ್ನು ಹಿಡಿಯಲಿ, ಅವನಿಂದ ಆಗದಿದ್ದರೆ ನನ್ನ ಹತ್ತಿರ ಬರಲಿ ಎಂಬುದು ಊರಿನ ನ್ಯಾಯ. ಸುಪ್ರೀಂ ಕೋರ್ಟ್ 1968ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಜಾಮೀನುದಾರನಿಂದ ನೇರವಾಗಿ ವಸೂಲಿ ಮಾಡಬಹುದು, ಸಾಲಗಾರನ ಆಸ್ತಿ ಮುಗಿಯುವವರೆಗೆ ಕಾಯಬೇಕಿಲ್ಲ. ತುಂಬಿದ ಮೇಲೆ ಆ ಹಣವನ್ನು ಸಾಲಗಾರನಿಂದ ಪಡೆಯುವ ಹಕ್ಕು ಜಾಮೀನುದಾರನಿಗೆ ಉಂಟು. ಸ್ವಂತ ಅಳಿಯನ ಮೇಲೆ ಆ ಹಕ್ಕು ಚಲಾಯಿಸುವವರು ಎಷ್ಟು ಜನ ಎಂಬುದು ಬೇರೆ ಪ್ರಶ್ನೆ.

ಕೋ-ಬಾರೋವರ್ ಎಂದರೆ ಜಾಮೀನೂ ಅಲ್ಲ, ಸಾಲವೇ ತನ್ನದು. ಬೇಲ್ ಎಂಬುದು ಕೋರ್ಟಿನ ಜಾಮೀನು. ಅಲ್ಲಿ ನಿಲ್ಲುವ ಶ್ಯೂರಿಟಿ ಹೊಣೆ ಹೊರುವುದು ಆರೋಪಿ ವಾಯಿದೆಗೆ ಹಾಜರಾಗುತ್ತಾನೆ ಎಂಬುದಕ್ಕೆ. ಅವನು ತಪ್ಪಿಸಿಕೊಂಡರೆ ಬಾಂಡಿನ ಹಣ ಕಟ್ಟಬೇಕಾಗುತ್ತದೆ.

ಮನ್ನಾ, ರಿಲೀಫ್, ರೈಟ್ ಆಫ್

2008ರ ಕೇಂದ್ರದ ಸಾಲ ಮನ್ನಾ ಈ ಭಾಗದ ರೈತರಿಗೆ ನೆನಪಿರಬಹುದು. ಅದರ ಇಂಗ್ಲಿಷ್ ಹೆಸರಿನಲ್ಲೇ ಎರಡು ಪದಗಳಿದ್ದವು: ಡೆಟ್ ವೇವರ್ ಮತ್ತು ಡೆಟ್ ರಿಲೀಫ್. ಊರಲ್ಲಿ ಎರಡಕ್ಕೂ ‘ಮನ್ನಾ’ ಎಂದೇ ಕರೆದರು. ಎರಡು ಹೆಕ್ಟೇರ್‌ವರೆಗಿನ ಸಣ್ಣ, ಅತಿ ಸಣ್ಣ ರೈತರಿಗೆ ಬಂದದ್ದು ವೇವರ್. ಅರ್ಹ ಬಾಕಿ ಪೂರ್ತಿ ಹೋಯಿತು. ಅದಕ್ಕಿಂತ ಹೆಚ್ಚು ಭೂಮಿ ಇದ್ದವರಿಗೆ ರಿಲೀಫ್ ಮಾತ್ರ. 75 ಶೇಕಡಾ ತಾವು ಕಟ್ಟಿದರೆ 25 ಶೇಕಡಾ ಬಿಡುವುದು. ಮಳೆಯಾಶ್ರಿತ ಒಣ ಭೂಮಿಯಲ್ಲಿ ಐದೆಕರೆ ದಾಟಿದ ಮಾತ್ರಕ್ಕೆ ಯಾರೂ ದೊಡ್ಡ ರೈತರಾಗುವುದಿಲ್ಲ, ಆದರೂ ಕಾಗದ ಹಾಗೆ ವಿಂಗಡಿಸಿತ್ತು. ಮನ್ನಾ ಆಯಿತು ಎಂದು ಸುಮ್ಮನೆ ಕುಳಿತರೆ ರಿಲೀಫ್ ಕೂಡ ಕೈಗೆ ಬರುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಮೊದಲು ಹಣ ಕಟ್ಟಬೇಕಿತ್ತು.

ಮೂರನೆಯ ಪದ ರೈಟ್ ಆಫ್. ‘ಬ್ಯಾಂಕುಗಳು ಇಷ್ಟು ಸಾವಿರ ಕೋಟಿ ರೈಟ್ ಆಫ್ ಮಾಡಿದವು’ ಎಂಬ ಸುದ್ದಿ ಟಿವಿಯಲ್ಲಿ ಬರುತ್ತದೆ. ಅದು ಬ್ಯಾಂಕಿನ ಲೆಕ್ಕದ ಪುಸ್ತಕದ ಕೆಲಸ. ಬರಲಾರದ ಸಾಲವನ್ನು ಆಸ್ತಿಯ ಪಟ್ಟಿಯಿಂದ ತೆಗೆದು ಹಾಕುತ್ತಾರೆ. ಸಾಲಗಾರನ ಮೇಲಿನ ಹಕ್ಕನ್ನು ಬಿಟ್ಟಿರುವುದಿಲ್ಲ. ವಸೂಲಿ, ಕೇಸು ಎಲ್ಲ ಮುಂದುವರಿಯಬಹುದು. ವೇವರ್‌ನಲ್ಲಿ ಸಾಲವೇ ಇಲ್ಲವಾಗುತ್ತದೆ. ದೊಡ್ಡ ಕಂಪನಿಗಳ ವಿಷಯದಲ್ಲಿ ರೈಟ್ ಆಫ್ ಎಂದರೆ ಮನ್ನಾ ಎಂದು ವಾದ ಮಾಡುವವರೇ, ತಮ್ಮ ಸಾಲದ ಪಾಸ್‌ಬುಕ್ಕಿನಲ್ಲಿ ಆ ಪದ ಕಂಡಾಗ ನಿಶ್ಚಿಂತರಾಗಿಬಿಡುವುದುಂಟು. ವೇವರ್ ಆಗಿದ್ದರೆ ಬ್ಯಾಂಕಿನಿಂದ ‘ನೋ ಡ್ಯೂ’ ಪತ್ರ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. 2024ರ ಜುಲೈ, ಆಗಸ್ಟ್‌ನಲ್ಲಿ ತೆಲಂಗಾಣ ಸರ್ಕಾರ 2 ಲಕ್ಷದವರೆಗಿನ ಬೆಳೆ ಸಾಲ ಮನ್ನಾ ಮಾಡಿದಾಗಲೂ, ಪಟ್ಟಿಯಲ್ಲಿ ಹೆಸರು ಇದ್ದವರು ಮಾಡಬೇಕಿದ್ದ ಕೆಲಸ ಇದೇ.

‘ಪರಿಹಾರ’ ಎಂಬ ಒಂದೇ ಚೀಲ

ನೀರಾವರಿಗೆ, ರಸ್ತೆಗೆ ಭೂಮಿ ಹೋದಾಗ ಬರುವ ಹಣ ಕಾಂಪೆನ್ಸೇಷನ್. ಇದು ಹಕ್ಕು. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಲ್ಲಿ ಭೂಮಿಯ ಬೆಲೆಯ ಜೊತೆಗೆ ಸೊಲೇಷಿಯಂ ಎಂಬ ಇನ್ನೊಂದು ಹಣ ಇದೆ. ಮನಸ್ಸಿಲ್ಲದೆ ನೆಲ ಬಿಡಬೇಕಾಯಿತಲ್ಲ, ಅದಕ್ಕೆ. ಅದು ಕಾಂಪೆನ್ಸೇಷನ್ನಿನ 100 ಶೇಕಡಾ, ಅಂದರೆ ಮೊತ್ತ ದುಪ್ಪಟ್ಟಾಗುತ್ತದೆ. ಹಳೆಯ 1894ರ ಕಾಯ್ದೆಯಲ್ಲಿ ಕೊನೆಕೊನೆಗೆ ಇದು 30 ಶೇಕಡಾ ಇತ್ತು. ನೋಟಿಸಿನಲ್ಲಿ ಎರಡೂ ಬೇರೆ ಸಾಲುಗಳಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು.

ಎಕ್ಸ್‌ಗ್ರೇಷಿಯಾ ಹಾಗಲ್ಲ. ಲ್ಯಾಟಿನ್‌ನ ಆ ಮಾತಿಗೆ ‘ದಯೆಯಿಂದ’ ಎಂದರ್ಥ. ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಮಂತ್ರಿಗಳು ಘೋಷಿಸುವುದು ಇದು. ಕೊಟ್ಟರೆ ಉಂಟು, ಕೊಡುವವರು ಕಾನೂನಿನ ಹೊಣೆ ಒಪ್ಪಿಕೊಂಡಂತೆಯೂ ಅಲ್ಲ. ಎಕ್ಸ್‌ಗ್ರೇಷಿಯಾ ತೆಗೆದುಕೊಂಡೆವು, ಇನ್ನು ಕ್ಲೇಮ್ ಹಾಕುವಂತಿಲ್ಲ ಎಂದು ಕೈಬಿಡುವ ಮನೆಗಳಿವೆ. ಹಾಗೇನೂ ಇಲ್ಲ. ಮೋಟಾರು ಅಪಘಾತದ ಕಾಂಪೆನ್ಸೇಷನ್ ಕೇಳುವ ಹಕ್ಕು ಬೇರೆ. ರಿಲೀಫ್ ಎಂದರೆ ಪ್ರವಾಹ, ಬರ ಬಂದಾಗ ತಕ್ಷಣದ ಆಸರೆಗೆ ಕೊಡುವುದು. ನಷ್ಟವನ್ನು ಪೂರ್ತಿ ತುಂಬಿಕೊಡುವ ಉದ್ದೇಶ ಅದಕ್ಕಿಲ್ಲ.

ಭೂಸ್ವಾಧೀನದ ಚೆಕ್ ತೆಗೆದುಕೊಳ್ಳುವಾಗ ಇನ್ನೊಂದು ಜೋಡಿ ಪದ ಎದುರಾಗುತ್ತದೆ: ‘ರಿಸೀವ್ಡ್’ ಮತ್ತು ‘ರಿಸೀವ್ಡ್ ಅಂಡರ್ ಪ್ರೊಟೆಸ್ಟ್’. ಮೊದಲನೆಯದಕ್ಕೆ ಹಣ ಮುಟ್ಟಿತು ಎಂದರ್ಥ. ಎರಡನೆಯದಕ್ಕೆ, ಹಣ ಮುಟ್ಟಿತು ಆದರೆ ಮೊತ್ತಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದರ್ಥ. ಆ 2013ರ ಕಾಯ್ದೆಯ 77ನೇ ಕಲಂ ಪ್ರಕಾರ, ಆಕ್ಷೇಪ ಇಟ್ಟುಕೊಳ್ಳದೆ ಹಣ ಪಡೆದವರು ಆಮೇಲೆ ಹೆಚ್ಚಿಗೆ ಕೇಳಿ 64ನೇ ಕಲಂನ ಅರ್ಜಿ ಹಾಕುವಂತಿಲ್ಲ. ಎರಡು ಪದ ಬರೆಯದೆ ಬಿಟ್ಟದ್ದಕ್ಕೆ ಎಕರೆಗೆ ಲಕ್ಷಗಟ್ಟಲೆ ಹಣದ ಬಾಗಿಲು ಮುಚ್ಚಿಹೋಗಬಹುದು. ಈ ಬರಹದಲ್ಲಿ ಒಂದೇ ಒಂದು ಜೋಡಿ ಪದ ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ.

ನಾಮಿನಿಯೇ ವಾರಸುದಾರನೇ?

‘ನಾಮಿನಿ ನನ್ನ ಹೆಸರಿದೆ, ಹಣ ನನ್ನದೇ’ ಎಂದು ಅಣ್ಣ, ‘ನಾವೂ ಮಕ್ಕಳೇ’ ಎಂದು ತಮ್ಮ ತಂಗಿಯರು. ಬ್ಯಾಂಕಿನ ಮಟ್ಟಿಗೆ ನಾಮಿನಿ ಎಂದರೆ ಹಣವನ್ನು ಯಾರ ಕೈಗೆ ಕೊಡಬೇಕು ಎಂಬ ಸೂಚನೆ. ಅವನ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು. ಅವನು ಅದನ್ನು ಲೀಗಲ್ ಹೇರ್, ಅಂದರೆ ವಾರಸುದಾರರಿಗೆ ತಲುಪಿಸಬೇಕಾದವನು. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿತು. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಕಾಯ್ದೆ ಸ್ವಲ್ಪ ಬೇರೆ ಮಾಡಿದೆ: ತನ್ನ ಜೀವದ ಮೇಲೆ ಪಾಲಿಸಿ ಮಾಡಿಸಿದವರು ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಸಾಮಾನ್ಯವಾಗಿ ಹಣ ಅವರದೇ ಆಗುತ್ತದೆ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಇಡಬಹುದು.

ಖಾತೆ ತೆರೆಯುವಾಗಿನ ‘ಜಾಯಿಂಟ್ಲಿ’ ಮತ್ತು ‘ಈದರ್ ಆರ್ ಸರ್ವೈವರ್’ ಕೂಡ ಒಂದೇ ಅಲ್ಲ. ಮೊದಲನೆಯದರಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದರೆ ಮಾತ್ರ ಹಣ. ಗಂಡ ಗುಳೆ ಹೋದರೆ ಹೆಂಡತಿಯ ಪಾಸ್‌ಬುಕ್ ಗೂಟಕ್ಕೆ ನೇತುಹಾಕಬೇಕಾಗುತ್ತದೆ. ಎರಡನೆಯದರಲ್ಲಿ ಯಾರಾದರೊಬ್ಬರು ತೆಗೆಯಬಹುದು, ಒಬ್ಬರು ತೀರಿಕೊಂಡರೆ ಉಳಿದವರು ತೆಗೆಯಬಹುದು.

ಹೊಲದ ಕಾಗದಗಳಲ್ಲಿ ರಿಜಿಸ್ಟ್ರೇಷನ್ ಎಂದರೆ ಕ್ರಯಪತ್ರ ನೋಂದಾಯಿಸುವುದು, ಮ್ಯುಟೇಷನ್ ಎಂದರೆ ಕಂದಾಯದ ದಾಖಲೆಯಲ್ಲಿ ಹೆಸರು ಬದಲಾಯಿಸುವುದು. ನದಿಯ ಎರಡೂ ಕಡೆ ‘ಪಹಣಿಯಲ್ಲಿ ಹೆಸರು ಬಂತು, ಹೊಲ ನಮ್ಮದಾಯಿತು’ ಎನ್ನುತ್ತಾರೆ. ಮ್ಯುಟೇಷನ್ ಆದ ಮಾತ್ರಕ್ಕೆ ಟೈಟಲ್, ಅಂದರೆ ಒಡೆತನದ ಹಕ್ಕು, ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ತೆಲಂಗಾಣದಲ್ಲಿ 2020ರಲ್ಲಿ ಧರಣಿ, 2025ರಲ್ಲಿ ಅದರ ಜಾಗಕ್ಕೆ ಭೂಭಾರತಿ ಬಂದರೂ ಈ ಪದಗಳ ವ್ಯತ್ಯಾಸ ಹಾಗೇ ಇದೆ.

ಮೊಬೈಲಿಗೆ ಬರುವ ಮೆಸೇಜು

ಮೊಬೈಲಿನಲ್ಲಿ ‘ಸ್ಯಾಂಕ್ಷನ್ಡ್’ ಎಂದು ಬಂದ ದಿನವೇ ಸಿಹಿ ಹಂಚುವವರಿದ್ದಾರೆ. ಸ್ಯಾಂಕ್ಷನ್ ಮಂಜೂರಾತಿ ಮಾತ್ರ, ‘ಡಿಸ್ಬರ್ಸ್ಡ್’ ಎಂದರೆ ಹಣ ಬಿಡುಗಡೆ, ‘ಕ್ರೆಡಿಟೆಡ್’ ಎಂದರೆ ಖಾತೆಗೆ ಜಮಾ. ಮಂಜೂರಿಗೂ ಜಮಾಕ್ಕೂ ನಡುವೆ ತಿಂಗಳುಗಳು ಹೋಗಬಹುದು, ಅಷ್ಟರಲ್ಲಿ ಮನೆಯ ಪಾಯ ತೋಡಿಸಿ ಕೈಸಾಲ ಮಾಡಿಕೊಂಡರೆ ಬಡ್ಡಿ ಮಾತ್ರ ತಡಮಾಡದೆ ಬೆಳೆಯುತ್ತದೆ. (ಅಮೆರಿಕ ಬೇರೆ ದೇಶದ ಮೇಲೆ ‘ಸ್ಯಾಂಕ್ಷನ್ಸ್’ ಹಾಕಿತು ಎಂಬ ಸುದ್ದಿಯಲ್ಲಿ ಅದೇ ಪದಕ್ಕೆ ನಿರ್ಬಂಧ ಎಂದರ್ಥ. ಇಂಗ್ಲಿಷೂ ಕೆಲವೊಮ್ಮೆ ‘ಅವಸರ’ದಂತೆಯೇ.)

‘ರಿಟರ್ನ್ಡ್’ ಮತ್ತು ‘ರಿಜೆಕ್ಟೆಡ್’ ಎರಡಕ್ಕೂ ‘ವಾಪಸ್ ಬಂತು’ ಎನ್ನುವುದು ರೂಢಿ. ರಿಟರ್ನ್ಡ್ ಎಂದರೆ ಏನೋ ಕೊರತೆ ಇದೆ, ಸರಿಮಾಡಿ ಮತ್ತೆ ಕಳಿಸಿ ಎಂದು. ಬಹಳಷ್ಟು ಸಲ ಅರ್ಜಿ ಇನ್ನೂ ಬದುಕಿರುತ್ತದೆ, ತಿದ್ದಲು ಗಡುವು ಕೊಟ್ಟಿರುತ್ತಾರೆ. ರಿಜೆಕ್ಟೆಡ್ ಎಂದರೆ ಅರ್ಜಿ ತಿರಸ್ಕಾರ. ಆಗ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು, ಮೇಲ್ಮನವಿಗೆ ಅವಕಾಶ ಇದ್ದರೆ ಅದರ ದಿನ ಮುಗಿಯುವ ಮುಂಚೆ ಹಾಕಬೇಕು, ಇಲ್ಲದಿದ್ದರೆ ಹೊಸ ಅರ್ಜಿ. ಮೀಸೇವಾ ಕೇಂದ್ರದಲ್ಲಿ ವಿಚಾರಿಸುವಾಗ ‘ವಾಪಸ್ ಬಂದಿದೆಯಾ’ ಎನ್ನುವ ಬದಲು, ತೆರೆಯ ಮೇಲೆ ಇರುವ ಇಂಗ್ಲಿಷ್ ಪದವನ್ನೇ ಓದಿ ಹೇಳಿ ಎಂದು ಕೇಳಬಹುದು.